ಹವಾಮಾನ ವಿಜ್ಞಾನ ಮತ್ತು ಜನರ ಭಾವನೆ: ಕಾವೇರಿ ಸೀಮೆಯ ನಿದರ್ಶನಗಳು

(ಮೈಸೂರಿನ ಅಶೋಕಪುರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಹವಾಮಾನ ವಿಜ್ಞಾನ ಮಾತಾಡುವುದು ಸರಾಸರಿ ಮತ್ತು ಸಂಭವನೀಯತೆಯ ಭಾಷೆಯಲ್ಲಿ. 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾಗಿತ್ತು ಎಂದು ಐಪಿಸಿಸಿ ಎಂಬ ಅಂತರ ಸರ್ಕಾರಿ ಸಮಿತಿ 2021ರಲ್ಲಿ ವರದಿ ಮಾಡಿತು. ಬೆಳಗಿನ ಹೊತ್ತಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಕಾಣುವ ಮೈಸೂರಿನಲ್ಲಿ ಈ ಒಂದು ಡಿಗ್ರಿಯ ಮಾತು ಯಾರನ್ನೂ ತಟ್ಟುವುದಿಲ್ಲ. ಅದೇ ಒಂದು ಡಿಗ್ರಿಗೆ ಗಾಳಿ ಶೇ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದು. ಹಾಗಾಗಿ ಮಳೆ ಬಂದರೆ ಒಂದೇ ಸಲ ಸುರಿಯುತ್ತದೆ, ಬಾರದಿದ್ದರೆ ನೆಲ ಮೊದಲಿಗಿಂತ ಬೇಗ ಒಣಗುತ್ತದೆ ಎಂದು ವಿವರಿಸಿದಾಗ ಕೇಳುವವರ ಮುಖ ಬದಲಾಗುತ್ತದೆ. ಎರಡೂ ಒಂದೇ ವಿಜ್ಞಾನದ ಮಾತುಗಳೇ. ಎರಡನೆಯದು ಮಾತ್ರ ಹೊಲವನ್ನೂ ಮನೆಯನ್ನೂ ಮುಟ್ಟಿತು.

ವಿಜ್ಞಾನಿಗಳಲ್ಲಿ ಹಲವರು ಬಹುಕಾಲ ಭಾವನೆಯನ್ನು ಜ್ಞಾನದ ಎದುರಾಳಿಯಾಗಿ ಕಂಡರು. ಸಂಗತಿಗಳನ್ನು ಸರಿಯಾಗಿ ಹೇಳಿಬಿಟ್ಟರೆ ಸಾಕು, ಜನ ತಾವಾಗಿ ಸರಿಯಾದ ತೀರ್ಮಾನಕ್ಕೆ ಬರುತ್ತಾರೆ ಎಂಬುದು ಅವರ ನಂಬಿಕೆಯಾಗಿತ್ತು. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತಮ್ಮ ಪುಸ್ತಕದಲ್ಲಿ ಇದಕ್ಕೆ ವಿರುದ್ಧವಾದ ಪುರಾವೆ ಮುಂದಿಟ್ಟರು. ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿ ಭಾವನೆಗಳು ಮಂಕಾದ ರೋಗಿಗಳ ಬುದ್ಧಿಶಕ್ತಿ, ನೆನಪು, ಲೆಕ್ಕ ಎಲ್ಲ ಸರಿಯಾಗಿದ್ದರೂ ದಿನನಿತ್ಯದ ಸಣ್ಣ ನಿರ್ಧಾರಗಳಲ್ಲೂ ಅವರು ಎಡವುತ್ತಿದ್ದರು. ಮನಃಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಅಪಾಯದ ಗ್ರಹಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿ, ಜನ ಅಪಾಯವನ್ನು ಅಳೆಯುವಾಗ ಲೆಕ್ಕಕ್ಕಿಂತ ಮೊದಲು ಒಳಗಿನ ಹಿತ–ಅಹಿತದ ಅನುಭವವನ್ನೇ ಆಧರಿಸುತ್ತಾರೆ ಎಂದು ತೋರಿಸಿದರು. ಸಂಖ್ಯೆ ದೊಡ್ಡದಾದಷ್ಟೂ ಮರುಕ ಕುಗ್ಗುತ್ತದೆ ಎಂಬುದೂ ಅವರ ಸಂಶೋಧನೆಯ ಭಾಗ. ಒಂದು ಮಗುವಿನ ಸಂಕಟಕ್ಕೆ ಕರಗುವ ಮನಸ್ಸು ಲಕ್ಷ ಜನರ ಸಂಕಟದ ಅಂಕಿಯ ಮುಂದೆ ಮರಗಟ್ಟುತ್ತದೆ.

ಭಾರತದಲ್ಲಿ ಈ ವಿಷಯ ಇನ್ನೊಂದು ಬಗೆಯಲ್ಲಿ ಕುತೂಹಲಕರವಾಗಿದೆ. ಯೇಲ್ ವಿಶ್ವವಿದ್ಯಾಲಯ ಮತ್ತು ಸಿ-ವೋಟರ್ ಸೇರಿ ನಡೆಸಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 54 ಮಂದಿ, ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ತಮಗೆ ಸ್ವಲ್ಪವೇ ಗೊತ್ತು ಅಥವಾ ಕೇಳಿಯೇ ಇಲ್ಲ ಎಂದರು. ಅದೇನೆಂದು ಚಿಕ್ಕದಾಗಿ ವಿವರಿಸಿದ ಮೇಲೆ ಶೇ 84 ಮಂದಿ ಅದು ನಡೆಯುತ್ತಿದೆ ಎಂದು ಒಪ್ಪಿದರು. ಶೇ 81 ಮಂದಿ ತಮಗೆ ಅದರ ಚಿಂತೆಯಿದೆ ಎಂದರು. ಅಮೆರಿಕದಲ್ಲಿ ಸಂವಹನಕಾರರ ಎದುರಿಗಿರುವುದು ನಿರಾಕರಣೆ. ಇಲ್ಲಿ ಹಾಗಿಲ್ಲ. ಪಾರಿಭಾಷಿಕ ಪದ ಗೊತ್ತಿರದಿದ್ದರೂ ಆತಂಕ ಆಗಲೇ ಮನೆ ಮಾಡಿದೆ. ರೋಹಿಣಿ, ಆರಿದ್ರಾ, ಹುಬ್ಬೆ, ಚಿತ್ತೆ ಎಂದು ಮಳೆಗೆ ಹೆಸರಿಟ್ಟು, ಒಂದೊಂದಕ್ಕೂ ಗಾದೆ ಕಟ್ಟಿ, ಯಾವ ಮಳೆಗೆ ಯಾವ ಬಿತ್ತನೆ ಎಂದು ಲೆಕ್ಕವಿಟ್ಟ ರೈತ ಸಮುದಾಯಕ್ಕೆ ಆ ಲೆಕ್ಕ ತಪ್ಪುತ್ತಿರುವುದು ಯಾವ ವರದಿಗೂ ಮೊದಲೇ ಗೊತ್ತಾಗಿದೆ. ಆದ್ದರಿಂದ ಕನ್ನಡದಲ್ಲಿ ಹವಾಮಾನದ ಬಗ್ಗೆ ಮಾತಾಡುವವರು ಜನರಲ್ಲಿ ಹೊಸದಾಗಿ ಭಾವನೆ ಹುಟ್ಟಿಸಬೇಕಾಗಿಲ್ಲ. ಇರುವ ಭಾವನೆ ಯಾವುದು, ಅದರ ಹಿಂದಿನ ಅನುಭವವೇನು ಎಂದು ಮೊದಲು ತಿಳಿಯಬೇಕು. ಭಾವನೆಯೆಂದರೆ ಬೆಂದ ಅಡುಗೆಗೆ ಕೊನೆಯಲ್ಲಿ ಹಾಕುವ ಒಗ್ಗರಣೆ ಎಂದು ತಿಳಿದವರು ಈ ಕೆಲಸದಲ್ಲಿ ಸೋತಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗಿರುವ ಭಾವನೆ ಭಯ. ಅದರ ಅಧ್ಯಯನ ಹವಾಮಾನದ ಚರ್ಚೆಗಿಂತ ಹಳೆಯದು. 1953ರಲ್ಲಿ ಇರ್ವಿಂಗ್ ಜೇನಿಸ್ ಮತ್ತು ಸೆಮೂರ್ ಫೆಶ್‌ಬಾಕ್ ಶಾಲಾ ವಿದ್ಯಾರ್ಥಿಗಳಿಗೆ ಹಲ್ಲಿನ ಆರೋಗ್ಯದ ಪಾಠವನ್ನು ಮೂರು ಬಗೆಯಲ್ಲಿ ಹೇಳಿಸಿದರು. ಕೊಳೆತ ವಸಡಿನ ಚಿತ್ರ ತೋರಿಸಿ ಹೆದರಿಸಿದ ಗುಂಪಿಗಿಂತ ಅತಿ ಕಡಿಮೆ ಹೆದರಿಸಿದ ಗುಂಪೇ ಸಲಹೆಯನ್ನು ಹೆಚ್ಚು ಪಾಲಿಸಿತು. 1965ರಲ್ಲಿ ಹೊವರ್ಡ್ ಲೆವೆಂತಾಲ್ ಮತ್ತು ಜೊತೆಗಾರರು ಯೇಲ್ ವಿದ್ಯಾರ್ಥಿಗಳಲ್ಲಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ನಡೆಸಿದ ಪ್ರಯೋಗ ಇನ್ನೂ ಸ್ಪಷ್ಟವಾಗಿದೆ. ಹೆದರಿಕೆಯ ಮಾತಷ್ಟನ್ನೇ ಕೇಳಿದವರಲ್ಲಿ ಚುಚ್ಚುಮದ್ದು ಹಾಕಿಸಿಕೊಂಡವರು ಸುಮಾರು ಶೇ 3. ಆರೋಗ್ಯ ಕೇಂದ್ರದ ನಕ್ಷೆ, ಅದು ತೆರೆದಿರುವ ವೇಳೆ, ಯಾವಾಗ ಹೋಗಬಹುದೆಂಬ ಯೋಜನೆ ಇವನ್ನೂ ಜೊತೆಗೆ ಕೊಟ್ಟಾಗ ಅದು ಸುಮಾರು ಶೇ 28ಕ್ಕೆ ಏರಿತು. ಹೆದರಿಕೆ ಹೆಚ್ಚಿತ್ತೋ ಕಡಿಮೆಯಿತ್ತೋ ಎಂಬುದರಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸ ಮಾಡಿದ್ದು ನಕ್ಷೆ.

ಕಿಮ್ ವಿಟ್ 1992ರಲ್ಲಿ ಇಂಥ ಫಲಿತಾಂಶಗಳನ್ನೆಲ್ಲ ಒಂದು ಚೌಕಟ್ಟಿಗೆ ತಂದರು. ಅಪಾಯ ದೊಡ್ಡದು, ಆದರೆ ತನ್ನಿಂದ ಏನಾದರೂ ಆಗುತ್ತದೆ ಎಂದು ಅನ್ನಿಸಿದವನು ಅಪಾಯವನ್ನು ಎದುರಿಸಲು ಹೊರಡುತ್ತಾನೆ. ಅಪಾಯ ದೊಡ್ಡದು, ತನ್ನಿಂದ ಏನೂ ಆಗದು ಎಂದು ಅನ್ನಿಸಿದವನು ಅಪಾಯವನ್ನು ಬಿಟ್ಟು ತನ್ನ ಭಯವನ್ನೇ ನಿಭಾಯಿಸಲು ತೊಡಗುತ್ತಾನೆ: ಸುದ್ದಿಯನ್ನು ನೋಡುವುದಿಲ್ಲ, ಉತ್ಪ್ರೇಕ್ಷೆ ಎನ್ನುತ್ತಾನೆ, ದೇವರಿಟ್ಟ ಹಾಗೆ ಎನ್ನುತ್ತಾನೆ. ಸ್ಯಾಫ್ರನ್ ಓನೀಲ್ ಮತ್ತು ಸೋಫಿ ನಿಕಲ್ಸನ್-ಕೋಲ್ 2009ರಲ್ಲಿ ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನ ಹವಾಮಾನದ ವಿಷಯದಲ್ಲೂ ಇದನ್ನೇ ಕಂಡಿತು. ಕರಗುವ ಹಿಮ, ಬಿರುಕುಬಿಟ್ಟ ನೆಲ, ಹಸಿದ ಮಕ್ಕಳ ಚಿತ್ರಗಳು ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಅದೇ ಹೊತ್ತಿಗೆ ನೋಡುವವರಲ್ಲಿ ಅಸಹಾಯಕತೆಯನ್ನೂ ಹುಟ್ಟಿಸುತ್ತವೆ.

ಭಾರತೀಯ ರಸಸಿದ್ಧಾಂತ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಭಯವೆಂಬ ಸ್ಥಾಯಿಭಾವ ರಂಗದ ಮೇಲೆ ಭಯಾನಕ ರಸವಾಗುವುದು ಸಹೃದಯನು ಆ ಅಪಾಯದಿಂದ ಹೊರಗಿರುವುದರಿಂದ. ದೂರವಿದ್ದಾಗಲೇ ಆಸ್ವಾದ ಸಾಧ್ಯ. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವ ಪ್ರವಾಹದ ದೃಶ್ಯ ನೋಡುಗನನ್ನು ಇಂಥ ಪ್ರೇಕ್ಷಕನನ್ನಾಗಿ ಮಾಡುತ್ತದೆ. ಅವನು ಬೆಚ್ಚುತ್ತಾನೆ, ಮರುಗುತ್ತಾನೆ, ಎದ್ದು ಹೋಗುತ್ತಾನೆ. ಹವಾಮಾನದ ಸುದ್ದಿ ಕೊಡುವವರು ನಾಟಕಕಾರನ ಕೌಶಲವನ್ನು ಕಲಿಯಬೇಕು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಆ ಸಲಹೆಯ ಮಿತಿ ಇರುವುದು ಇಲ್ಲಿಯೇ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದು ಹೀಗೆ. ಮಡಿಕೇರಿ ತಾಲ್ಲೂಕಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಸುತ್ತ ಗುಡ್ಡಗಳು ಜಾರಿದವು. ಎರಡಂತಸ್ತಿನ ಮನೆಯೊಂದು ಕುಸಿದು ಕೆಳಗುರುಳಿದ ದೃಶ್ಯ ನಾಡಿನ ಎಲ್ಲರ ಮೊಬೈಲ್‌ಗೆ ಬಂತು. ವಾರಗಟ್ಟಲೆ ಅದೇ ಚಿತ್ರ, ಅದೇ ಉದ್ಗಾರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅತಿವೃಷ್ಟಿಯ ಜೊತೆಗೆ ರಸ್ತೆಗೂ ಕಟ್ಟಡಕ್ಕೂ ಗುಡ್ಡದ ಇಳಿಜಾರನ್ನು ಕಡಿದದ್ದು ಕುಸಿತಕ್ಕೆ ಮುಖ್ಯ ಕಾರಣವೆಂದು ಹೇಳಿದಾಗ ಆ ಮಾತಿಗೆ ಆ ಚಿತ್ರಕ್ಕೆ ಸಿಕ್ಕಷ್ಟು ಕಿವಿ ಸಿಗಲಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋದಾಗ ದೈವಕೋಪದ ಮಾತು ಎದ್ದಿತು. ಆ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಾವೇರಿ ಹುಟ್ಟುವ ಬೆಟ್ಟಕ್ಕೆ ಮಾಡಬಾರದ್ದನ್ನು ಮಾಡಲಾಗಿದೆ ಎಂಬ ತಪ್ಪಿತಸ್ಥ ಭಾವ ಆ ಮಾತಿನೊಳಗಿತ್ತು. ಇಳಿಜಾರಿನ ವಿಜ್ಞಾನ ಹೇಳುವುದಕ್ಕೂ ಆ ಭಾವಕ್ಕೂ ವಿರೋಧವಿರಲಿಲ್ಲ; ಅವೆರಡನ್ನು ಕೂಡಿಸಿ ಹೇಳುವವರು ಕಡಿಮೆ ಇದ್ದರು.

ಕರ್ನಾಟಕದಲ್ಲಿ ಪರಿಸರ ವಿಜ್ಞಾನದ ಸಂವಹನ ಸೋತ ಬಹುದೊಡ್ಡ ನಿದರ್ಶನ ಪಶ್ಚಿಮಘಟ್ಟದ ವರದಿಗಳದ್ದು. ಅದನ್ನು ತುಸು ವಿವರವಾಗಿ ನೋಡಬೇಕು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2010ರಲ್ಲಿ ರಚನೆಯಾಗಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಡೀ ಘಟ್ಟವನ್ನು ಮೂರು ಮಟ್ಟದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿದ ಆ ವರದಿ, ಕೊನೆಯ ತೀರ್ಮಾನ ಗ್ರಾಮಸಭೆಗಳ ಚರ್ಚೆಯ ಮೂಲಕವೇ ಆಗಬೇಕೆಂದು ಸೂಚಿಸಿತ್ತು. ಜನರ ಕೈಗೆ ಮೊದಲು ಸೇರಬೇಕಾಗಿದ್ದ ವರದಿಯನ್ನು ಕೇಂದ್ರ ಸಚಿವಾಲಯ ತಿಂಗಳುಗಟ್ಟಲೆ ಬಿಡುಗಡೆ ಮಾಡಲಿಲ್ಲ. ಮಾಹಿತಿ ಹಕ್ಕಿನಡಿ ಹೋರಾಡಿದ ಮೇಲೆ, 2012ರಲ್ಲಿ ಅದು ಹೊರಬಂತು. ಅದೂ ಇಂಗ್ಲಿಷಿನ ದಪ್ಪ ಸಂಪುಟವಾಗಿ. ಆಮೇಲೆ ಕಸ್ತೂರಿರಂಗನ್ ಅಧ್ಯಕ್ಷತೆಯ ಕಾರ್ಯತಂಡ ಉಪಗ್ರಹ ಚಿತ್ರಗಳ ನೆರವಿನಿಂದ 2013ರ ಏಪ್ರಿಲ್‌ನಲ್ಲಿ ಇನ್ನೊಂದು ವರದಿ ಕೊಟ್ಟು, ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್‌ ಪ್ರದೇಶವನ್ನು ಸೂಕ್ಷ್ಮವೆಂದು ಗುರುತಿಸಿತು. ಅದರಲ್ಲಿ 1,576 ಹಳ್ಳಿಗಳ ಹೆಸರಿದ್ದವು.

ಹಳ್ಳಿಗಳಿಗೆ ತಲುಪಿದ್ದು ವರದಿಯಲ್ಲ, ಆ ಪಟ್ಟಿ. ಪಟ್ಟಿಯಲ್ಲಿ ಊರಿನ ಹೆಸರಿದೆ ಎಂದರೆ ಒಕ್ಕಲೆಬ್ಬಿಸುತ್ತಾರೆ, ಮನೆ ಕಟ್ಟುವಂತಿಲ್ಲ, ಗೊಬ್ಬರ ಹಾಕುವಂತಿಲ್ಲ, ದನ ಮೇಯಿಸುವಂತಿಲ್ಲ ಎಂಬ ಮಾತು ಮಲೆನಾಡಿನಲ್ಲೂ ಕೊಡಗಿನಲ್ಲೂ ಹಬ್ಬಿತು. ಕಾರ್ಯತಂಡ ನಿಷೇಧಿಸಲು ಹೇಳಿದ್ದು ಗಣಿಗಾರಿಕೆ, ಕಲ್ಲು ಮತ್ತು ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡ ಇಂಥವನ್ನು. ಅಡಿಕೆ ತೋಟದ ಮಾತು ಅದರಲ್ಲಿರಲಿಲ್ಲ. ಆದರೂ ಆ ಭಯಕ್ಕೆ ಬುಡವಿರಲಿಲ್ಲ ಎನ್ನಲಾಗದು. ಶರಾವತಿಯ ಹಿನ್ನೀರಿಗೆ ಊರು ಬಿಟ್ಟವರ ಮಕ್ಕಳು ಅಲ್ಲಿದ್ದಾರೆ. ಕುದುರೆಮುಖ, ನಾಗರಹೊಳೆಯಲ್ಲಿ ಕಾಡಿನಿಂದ ಹೊರಹಾಕಿಸಿಕೊಂಡವರ ನೆನಪಿದೆ. ದೂರದಿಂದ ಬಂದ ಕಾಗದ ಮನೆ ಕಸಿಯುತ್ತದೆ ಎಂಬುದು ಅವರ ಅನುಭವ. ವಿಜ್ಞಾನಿಗಳು ಅದನ್ನು ಅಜ್ಞಾನವೆಂದು ಓದಿದರು. ಗಣಿ ಮತ್ತು ರೆಸಾರ್ಟಿನ ಹಿತಾಸಕ್ತಿಗಳು ಅದನ್ನು ಸರಿಯಾಗಿ ಓದಿ ಬಳಸಿಕೊಂಡವು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಮರುದಿನ ಹೊರಬಿದ್ದ, ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕರ್ನಾಟಕದ ಸಚಿವ ಸಂಪುಟ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಅಷ್ಟು ದೊಡ್ಡ ಭಯವೂ ಹಳೆಯ ಭಯವನ್ನು ಮೀರಲಿಲ್ಲ.

ಇದಕ್ಕೆ ತೀರ ಭಿನ್ನವಾದ ಅನುಭವ ಅದೇ ಘಟ್ಟದ ಶಿರಸಿ ಸೀಮೆಯಲ್ಲಿ ಮೂರು ದಶಕ ಮೊದಲೇ ಆಗಿತ್ತು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಅಡಿಕೆ ಬೆಳೆಗಾರರು 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು ತಮ್ಮೂರಿಗೇ ಕರೆಸಿ ವಿಚಾರಗೋಷ್ಠಿ ನಡೆಸಿದರು. ತೋಟದ ಮೇಲಿನ ಪ್ರೀತಿ ಅವರನ್ನು ಲೆಕ್ಕದ ಕಡೆಗೆ ಕರೆದೊಯ್ದಿತ್ತು: ಮುಳುಗುವ ಕಾಡಿನ ಬೆಲೆಯೆಷ್ಟು, ಹುಟ್ಟುವ ವಿದ್ಯುತ್ತಿನ ಲಾಭವೆಷ್ಟು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದರು. ಯಕ್ಷಗಾನ, ಬೀದಿನಾಟಕ, ಪಾದಯಾತ್ರೆಗಳಲ್ಲಿ ಆ ಮಾತು ಹಳ್ಳಿಯಿಂದ ಹಳ್ಳಿಗೆ ಹೋಯಿತು. ಹವಾಮಾನ ಬದಲಾವಣೆ ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಕಾಡು ಹೋದರೆ ಹೊಳೆ ಬತ್ತುತ್ತದೆ ಎಂಬ ತಿಳಿವಳಿಕೆ ಮತ್ತು ಇದು ನಮ್ಮ ಕಾಡು ಎಂಬ ಭಾವ, ಎರಡೂ ಒಂದೇ ಜನರಲ್ಲಿದ್ದವು. ಕೇಳುವವರೇ ಹೇಳುವವರೂ ಆಗಿದ್ದದ್ದು ಅಲ್ಲಿನ ಯಶಸ್ಸಿನ ಗುಟ್ಟು.

ಕಾವೇರಿಯ ಬಗ್ಗೆ ಭಾವನೆಯ ಕೊರತೆ ಯಾವತ್ತೂ ಇರಲಿಲ್ಲ. 1991ರ ಡಿಸೆಂಬರ್ ಮತ್ತು 2016ರ ಸೆಪ್ಟೆಂಬರ್‌ನ ಹಿಂಸಾಚಾರ ಆ ಭಾವನೆ ಹಿಡಿದ ಕೆಟ್ಟ ದಾರಿಗಳು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಆ ವರ್ಷದ ಆಗಸ್ಟ್‌ ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್‌. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಬಲಗೊಂಡಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 124.80 ಅಡಿ ತುಂಬಬೇಕಾದ ಕೆಆರ್‌ಎಸ್ ಜಲಾಶಯ ತುಂಬಲಿಲ್ಲ. ಮಂಡ್ಯದ ರಸ್ತೆಯಲ್ಲಿ, ಬೆಂಗಳೂರು ಬಂದ್‌ನಲ್ಲಿ, ಟಿವಿ ಚರ್ಚೆಗಳಲ್ಲಿ ಇಡೀ ಸಿಟ್ಟು ಎದುರು ರಾಜ್ಯದ ಕಡೆಗೆ ಹರಿಯಿತು. ಎಲ್ಲರ ಹಂಚಿಕೆಯೂ ನಿಂತಿರುವುದು ಹಿಂದಿನ ದಶಕಗಳ ಹರಿವಿನ ದಾಖಲೆಯಿಂದ ಲೆಕ್ಕ ಹಾಕಿದ 740 ಟಿಎಂಸಿ ಎಂಬ ಅಂಕಿಯ ಮೇಲೆ. ಬಿಸಿಯೇರುವ ಜಗತ್ತಿನಲ್ಲಿ ನದಿ ಹಿಂದಿನ ಲೆಕ್ಕದಂತೆಯೇ ಹರಿಯುತ್ತದೆ ಎಂಬ ಖಾತ್ರಿಯಿಲ್ಲ. ಈ ಮಾತು ಆ ಚರ್ಚೆಗಳಲ್ಲಿ ಕೇಳಿಬಂದದ್ದು ಅಪರೂಪ. ಹೊಂಗಳ್ಳಿ, ಬೆಳಗೊಳದಿಂದ ಕಾವೇರಿ ನೀರು ಪಡೆಯುವ ಮೈಸೂರು ನಗರಕ್ಕೆ ಇದು ನಲ್ಲಿಯ ಪ್ರಶ್ನೆ.

ಎಲ್ಕೆ ವೆಬರ್ 2006ರ ಲೇಖನದಲ್ಲಿ ಚರ್ಚಿಸಿದ ಒಂದು ಸಂಗತಿ ಇಲ್ಲಿ ಉಪಯುಕ್ತ. ಮನುಷ್ಯ ಒಮ್ಮೆಗೆ ಹೊರಬಲ್ಲ ಚಿಂತೆಗೆ ಮಿತಿಯಿದೆ. ಒಂದು ಚಿಂತೆ ಏರಿದರೆ ಇನ್ನೊಂದು ಇಳಿಯುತ್ತದೆ. ಸಾಲ, ಬೆಲೆ, ಮಗಳ ಮದುವೆ, ನೀರಿನ ಬಿಲ್ಲು ಇವುಗಳ ನಡುವೆ ಹವಾಮಾನವನ್ನು ಮತ್ತೊಂದು ಚಿಂತೆಯಾಗಿ ಹೊರಿಸಿದರೆ ಅದು ಜಾರಿಬೀಳುತ್ತದೆ. ಇರುವ ಚಿಂತೆಯ ಕಾರಣವಾಗಿ ತೋರಿಸಿದರೆ ನಿಲ್ಲುತ್ತದೆ.

ಕರುಣೆಯ ಬಗ್ಗೆಯೂ ಎಚ್ಚರ ಬೇಕು. ಬಡವರು ಹವಾಮಾನ ಬದಲಾವಣೆಯ ಮೊದಲ ಬಲಿಪಶುಗಳು ಎಂಬ ವಾಕ್ಯ ಸತ್ಯ. ಅದನ್ನು ಹೇಳುವ ರೀತಿ ಅನೇಕ ವೇಳೆ ಅವರನ್ನು ಚಿತ್ರದಲ್ಲಿ ಕೂಡಿಸಿ ಮಾತಿನಿಂದ ಹೊರಗಿಡುತ್ತದೆ. ಅಶೋಕಪುರಂನಂಥ ಬಡಾವಣೆಯಲ್ಲಿ ಈ ದೋಷ ಕೂಡಲೇ ಕಣ್ಣಿಗೆ ಬೀಳುತ್ತದೆ. ದಲಿತರು ಬಹುಸಂಖ್ಯೆಯಲ್ಲಿ ನೆಲೆಸಿರುವ, ರೈಲ್ವೆ ಕಾರ್ಯಾಗಾರವಿರುವ, ಅಂಬೇಡ್ಕರ್ ಹೆಸರಿನ ಉದ್ಯಾನವನ್ನು ತನ್ನ ಸಾರ್ವಜನಿಕ ಬದುಕಿನ ನಡುವೆ ಇಟ್ಟುಕೊಂಡ ಈ ಭಾಗಕ್ಕೆ ನೀರಿನ ಪ್ರಶ್ನೆ ಹೊಸದಲ್ಲ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ಜನ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಸಮಾನತೆಗೆ. ಆ ಚರಿತ್ರೆಯಲ್ಲಿ ಬೆಳೆದವರಿಗೆ ಮರುಕದ ಭಾಷೆ ಹಿಡಿಸುವುದಿಲ್ಲ. ಸ್ವಾಭಿಮಾನ ಮತ್ತು ನ್ಯಾಯದ ಭಾಷೆ ಅರ್ಥವಾಗುತ್ತದೆ.

ಈ ಭಾಷೆಗೆ ವಿಜ್ಞಾನದ ಬೆಂಬಲವೂ ಇದೆ. ಬಿಸಿ ಎಲ್ಲರಿಗೂ ಒಂದೇ ಅಲ್ಲ. ಥರ್ಮಾಮೀಟರ್ ಒಂದೇ ಅಂಕಿ ತೋರಿಸುವ ದಿನ ಹೆಂಚಿನ ಮನೆ, ಶೀಟಿನ ಮನೆ, ಹವಾನಿಯಂತ್ರಿತ ಕೋಣೆ ಮೂರರಲ್ಲೂ ಮೈಗೆ ತಟ್ಟುವ ಸೆಕೆ ಬೇರೆ. ಬೀದಿ ಗುಡಿಸುವ ಪೌರಕಾರ್ಮಿಕರು, ಗಾರೆ ಕೆಲಸದವರು, ಕಾದ ಕಬ್ಬಿಣದ ಬಳಿ ದುಡಿಯುವವರು ತಮ್ಮ ದೇಹದ ಶಾಖದ ಮೇಲೆ ವಾತಾವರಣದ ಶಾಖವನ್ನೂ ಹೊರುತ್ತಾರೆ. ಕರ್ನಾಟಕದ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರೇ ಆಗಿರುವುದರಿಂದ ಈ ಬಿಸಿಗೆ ಜಾತಿಯೂ ಇದೆ. ಬಿಸಿಲಿನ ಪ್ರಕಟಣೆಗಳು ಮಧ್ಯಾಹ್ನ ಹೊರಗೆ ಹೋಗಬೇಡಿ ಎನ್ನುತ್ತವೆ. ಹೊರಗೇ ಕೆಲಸವಿರುವವರಿಗೆ ಆ ಸಲಹೆ ಲೆವೆಂತಾಲ್ ಪ್ರಯೋಗದ ನಕ್ಷೆಯಿಲ್ಲದ ಹೆದರಿಕೆಗೆ ಸಮ. ಕೆಲಸದ ವೇಳೆ ಬದಲಿಸಲು ಯಾರನ್ನು ಕೇಳಬೇಕು, ನೆರಳು ಮತ್ತು ಕುಡಿಯುವ ನೀರು ಒದಗಿಸುವುದು ಯಾರ ಹೊಣೆ, ಮೈ ಬಿಸಿಯೇರಿ ಮಾತು ತೊದಲಿದರೆ ಮೊದಲು ಏನು ಮಾಡಬೇಕು ಎಂದು ಹೇಳುವ ಸಂದೇಶವೇ ಪೂರ್ತಿ ಸಂದೇಶ.

ಸಿಟ್ಟಿನ ಬಗ್ಗೆ ಇರುವ ಅಳುಕನ್ನೂ ಮರುಪರಿಶೀಲಿಸಬೇಕಾಗಿದೆ. ಸಮಂತಾ ಸ್ಟ್ಯಾನ್ಲಿ ಮತ್ತು ಜೊತೆಗಾರರು ಆಸ್ಟ್ರೇಲಿಯಾದಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹವಾಮಾನದ ಬಗ್ಗೆ ಆತಂಕ, ಖಿನ್ನತೆ, ಸಿಟ್ಟು ಮೂರನ್ನೂ ಹೋಲಿಸಿದಾಗ, ಸಿಟ್ಟು ಇದ್ದವರಲ್ಲೇ ಮಾನಸಿಕ ಆರೋಗ್ಯ ಉತ್ತಮವಾಗಿಯೂ ಸಾಮೂಹಿಕ ಕ್ರಿಯೆ ಹೆಚ್ಚಾಗಿಯೂ ಕಂಡಿತು. ಕರ್ನಾಟಕದ ದಲಿತ ಚಳವಳಿ 1970ರ ದಶಕದಲ್ಲಿ ಹಾಡು, ಕರಪತ್ರ, ಜಾಥಾಗಳ ಮೂಲಕ ನೋವನ್ನು ಸಿಟ್ಟಾಗಿ, ಸಿಟ್ಟನ್ನು ಸಂಘಟನೆಯಾಗಿ ಬದಲಿಸಿದ ಅನುಭವ ಈ ನಾಡಿನಲ್ಲೇ ಇದೆ. ಹವಾಮಾನ ಸಂವಹನದ ಪಠ್ಯಪುಸ್ತಕಗಳು ಅದರ ಕಡೆ ನೋಡಿಲ್ಲ. ನೋಡಬೇಕು.

ಎಳೆಯರ ಸ್ಥಿತಿ ಬೇರೆ. ಕ್ಯಾರೊಲೈನ್ ಹಿಕ್‌ಮನ್ ಮತ್ತು ಜೊತೆಗಾರರು 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಕೇಳಿದಾಗ ಶೇ 59 ಮಂದಿ ತಮಗೆ ಹವಾಮಾನದ ಚಿಂತೆ ಬಹಳವೆಂದರು. ಶೇ 45ಕ್ಕೂ ಹೆಚ್ಚು ಮಂದಿಗೆ ಆ ಭಾವನೆ ದಿನದ ಊಟ, ನಿದ್ದೆ, ಓದಿಗೂ ತೊಡಕಾಗಿತ್ತು. ಸರ್ಕಾರಗಳು ತಮಗೆ ದ್ರೋಹ ಮಾಡಿವೆ ಎಂಬ ಭಾವ ಆ ಸಂಕಟಕ್ಕೆ ಸೇರಿಕೊಂಡಿತ್ತು. ಇಂಥವರಿಗೆ ಶಾಲೆಯಲ್ಲಿ ಮತ್ತಷ್ಟು ಪ್ರಳಯದ ಚಿತ್ರ ತೋರಿಸುವುದು ಕ್ರೌರ್ಯ. ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವುದು ಸುಳ್ಳು. ಶಾಲೆಯ ಅಂಗಳದಲ್ಲಿ ಮಳೆ ಅಳೆಯುವುದು, ಬಡಾವಣೆಯ ಮರಗಳ ಪಟ್ಟಿ ಮಾಡುವುದು, ವಾರ್ಡ್ ಸಭೆಯಲ್ಲಿ ಆ ಪಟ್ಟಿ ಹಿಡಿದು ಪ್ರಶ್ನೆ ಕೇಳುವುದು ಇವುಗಳಿಂದ ಆತಂಕ ಪೂರ್ತಿ ಹೋಗದಿದ್ದರೂ ಅದಕ್ಕೆ ಒಂದು ಕೆಲಸ ಸಿಗುತ್ತದೆ.

ಯಾವ ಭಾವನೆ ಎಂಬುದರಷ್ಟೇ ಮುಖ್ಯ, ಯಾರ ದನಿ ಎಂಬುದು. ಈ ವಿಷಯದಲ್ಲಿ ಮೈಸೂರಿಗೆ ಒಂದು ಪರಂಪರೆಯಿದೆ. 1935ರಲ್ಲಿ ಇಲ್ಲಿ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ತಮ್ಮ ಮನೆಯಲ್ಲೇ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಜನರ ಮನಸ್ಸನ್ನು ಓದುವ ಶಾಸ್ತ್ರವೂ ಜನರಿಗೆ ಮಾತು ತಲುಪಿಸುವ ಸಾಧನವೂ ಒಬ್ಬರ ಕೈಯಲ್ಲಿ ಕೂಡಿದ್ದವು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದಲ್ಲಿ ವಿಜ್ಞಾನಕ್ಕೆ ಮೀಸಲಾದ ಪತ್ರಿಕೆ ನಡೆಸಿದ್ದರು. ಶಿವರಾಮ ಕಾರಂತರು, ಮೈಸೂರಿನ ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್, ಪರಿಸರದ ಬರಹದಲ್ಲಿ ನಾಗೇಶ ಹೆಗಡೆ ಇವರೆಲ್ಲ ಓದುಗನನ್ನು ಮನೆಯವನಂತೆ ಕಂಡು ಬರೆದವರು. ಪರಿಚಿತ ದನಿ ಹೇಳಿದ ಕಹಿ ಸುದ್ದಿಯನ್ನು ಜನ ಕೇಳಿಸಿಕೊಳ್ಳುತ್ತಾರೆ. ಇಂದಿನ ಹಳ್ಳಿ ಮತ್ತು ಬಡಾವಣೆಗಳಲ್ಲಿ ಆ ದನಿ ಆಶಾ ಕಾರ್ಯಕರ್ತೆಯದು, ಶಾಲಾ ಶಿಕ್ಷಕರದು, ಹಾಲಿನ ಡೇರಿಯ ಕಾರ್ಯದರ್ಶಿಯದು. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಇವರ ಬಾಯಲ್ಲಿ ಮಾತಾದಾಗ ಬಣ್ಣ ಮೀರಿ ಅರ್ಥವಾಗುತ್ತವೆ.

ಭಾವನೆಯನ್ನು ಬಳಸುವುದಕ್ಕೆ ನೈತಿಕ ಎಲ್ಲೆಗಳಿವೆ. ಡೇನಿಯಲ್ ಚಾಪ್‌ಮನ್, ಬ್ರಯಾನ್ ಲಿಕೆಲ್ ಮತ್ತು ಎಜ್ರಾ ಮಾರ್ಕೊವಿಟ್ಜ್ 2017ರ ಲೇಖನದಲ್ಲಿ, ಭಾವನೆಗಳನ್ನು ಬೇಕಾದಾಗ ಎಳೆಯುವ ಸನ್ನೆಗೋಲುಗಳೆಂದು ತಿಳಿಯುವುದೇ ತಪ್ಪೆಂದು ವಾದಿಸಿದರು. ಒಂದೇ ಸಂದೇಶ ಒಬ್ಬರಲ್ಲಿ ಭರವಸೆಯನ್ನೂ ಇನ್ನೊಬ್ಬರಲ್ಲಿ ಉದಾಸೀನವನ್ನೂ ಹುಟ್ಟಿಸುತ್ತದೆ. ಇಂದಿನ ಉತ್ಸಾಹ ನಾಳೆಗೆ ಇಂಗುತ್ತದೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನಡೆದವು. ಅವುಗಳ ತೀರ್ಮಾನವನ್ನು ಮಂಡ್ಯದ ಕಬ್ಬಿನ ಗದ್ದೆಗೋ ಕೊಡಗಿನ ಕಾಫಿ ತೋಟಕ್ಕೋ ಹಾಗೇ ಅನ್ವಯಿಸಲಾಗದು. ಅನಿಶ್ಚಿತತೆಯನ್ನು ಮುಚ್ಚಿಟ್ಟು ಭಾವನೆ ಕೆರಳಿಸುವುದು ಕೊನೆಗೆ ವಿಜ್ಞಾನದ ಮೇಲಿನ ನಂಬಿಕೆಯನ್ನೇ ಕೊಲ್ಲುತ್ತದೆ. ಒಂದು ನಿರ್ದಿಷ್ಟ ಭೂಕುಸಿತ ಹವಾಮಾನ ಬದಲಾವಣೆಯಿಂದಲೇ ಆಯಿತು ಎಂದು ಕೂಡಲೇ ಘೋಷಿಸುವುದಕ್ಕಿಂತ, ಅತಿವೃಷ್ಟಿಯ ಸಾಧ್ಯತೆ ಹೆಚ್ಚಿದೆ, ಇಳಿಜಾರನ್ನು ಕಡಿದದ್ದು ನಮ್ಮ ಕೈಯ ಕೆಲಸ ಎಂದು ಎರಡನ್ನೂ ಬಿಡಿಸಿ ಹೇಳುವುದು ಪ್ರಾಮಾಣಿಕ.

ವಿಜ್ಞಾನಿಯ ಸ್ವಂತ ಭಾವನೆಯ ಪ್ರಶ್ನೆಯೂ ಉಳಿದಿದೆ. ನಿರ್ಲಿಪ್ತ ದನಿಯೇ ವಿಶ್ವಾಸಾರ್ಹ ಎಂಬ ರೂಢಿಯಿಂದ ಸಂಶೋಧಕರು ತಮ್ಮ ದುಃಖವನ್ನು ಪ್ರಬಂಧಗಳಿಂದ ಹೊರಗಿಟ್ಟರು. ಅಳತೆಯಲ್ಲಿ ಆ ನಿರ್ಲಿಪ್ತತೆ ಬೇಕೇ ಬೇಕು. ಅಳತೆ ಮುಗಿದ ಮೇಲೆ, ತಾನು ಅಳೆದ ಕಾಡಿನ, ಕೆರೆಯ, ನದಿಯ ಬಗ್ಗೆ ತನಗಿರುವ ಕಾಳಜಿಯನ್ನು ಮರೆಮಾಚದೆ ಹೇಳುವ ವಿಜ್ಞಾನಿ ದತ್ತಾಂಶವನ್ನು ತಿರುಚಿದಂತಾಗುವುದಿಲ್ಲ. ಅಂಕಿ ಯಾವುದು, ಕಾಳಜಿ ಯಾವುದು ಎಂದು ಕೇಳುಗನಿಗೆ ಬೇರೆಬೇರೆಯಾಗಿ ಕಾಣುವಂತಿದ್ದರೆ ಸಾಕು.